ಕೆಂಪು ತಂತಿ

ಟೀ ಲೋಟ ತಂತಿಗಳ ಜೋಡಣೆಗೆ ತಾಗಿದ್ದೇ ತಡ, ಬಿಸಿ ತೋರಿಸುವ ಮೀಟರಿನ ಅಂಕಿ ಇಳಿಯತೊಡಗಿತು. ಇಪ್ಪತ್ತೈದು ಇದ್ದದ್ದು ಹದಿನೆಂಟಾಯಿತು, ಹತ್ತಾಯಿತು, ನೋಡನೋಡುತ್ತಿದ್ದಂತೆ ಸೊನ್ನೆಗೂ ಕೆಳಗೆ ಹೋಗಿ ನಿಂತಿತು. ಪ್ರೆಸ್ಸಕ್ಕ ಕನ್ನಡಕ ತೆಗೆದು, ಬಿಳಿ ಕೋಟಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಲೋಟದ ಟೀ ಹೊಗೆಯಾಡುತ್ತಿತ್ತು. ಮೀಟರು ಮಾತ್ರ ಇಲ್ಲಿ ನೀರು ಹೆಪ್ಪುಗಟ್ಟುತ್ತಿದೆ ಎನ್ನುತ್ತಿತ್ತು.

ಲೋಟ ತೆಗೆದಳು, ಅಂಕಿ ಮೆಲ್ಲಗೆ ಮೇಲೆ ಬಂತು. ತಾಗಿಸಿದಳು, ಇಳಿಯಿತು. ಆ ಜೋಡಣೆಗೆ ಬಿಸಿ ತಾಗಿದರೆ ಅಂಕಿ ಏರಲೂಬಾರದು, ಇಳಿಯಲೂಬಾರದು. ತನಗೆ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿರಬೇಕು. ಇಳಿದರೆ ಅದಕ್ಕೆ ಒಂದೇ ಅರ್ಥ. ಆ ಅರ್ಥ ಹೊಳೆದದ್ದೇ ಲೋಟವನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

ಪ್ರೆಸ್ಸಕ್ಕ ಆ ಪ್ರಯೋಗಾಲಯಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ, ಪ್ರೆಸ್ಸು ನಡೆಸುವವಳು. ಪ್ರೆಸ್ಸು ಅಂದರೆ ಬಟ್ಟೆಗೆ ಇಸ್ತ್ರಿ ಹಾಕುವುದಲ್ಲ, ಪತ್ರಿಕೆ ಅಚ್ಚು ಮಾಡುವುದೂ ಅಲ್ಲ. ಹೊಸಬರು ಯಾರು ಬಂದರೂ ಅವಳ ಮೊದಲ ಪಾಠ ಇದೇ. ಉಗುರಿನಗಲದ ಜಾಗದ ಮೇಲೆ ಎರಡು ಲೋಡು ಲಾರಿ ನಿಲ್ಲಿಸಿದಷ್ಟು ಭಾರ ಹೇರಿ, ಹೇರಿದ ಭಾರ ಇಳಿಸದೆಯೇ ಒಳಗಿದ್ದದ್ದನ್ನು ಕಾಯಿಸುವ ಯಂತ್ರ ಅದು. ಅವಳಿಗೆ ಬಿಪಿ ಶುರುವಾದಾಗ ಡಾಕ್ಟರು "ಕೆಲಸದಲ್ಲಿ ಒತ್ತಡ ಜಾಸ್ತೀನಾ?" ಎಂದು ಕೇಳಿದರಂತೆ. "ಚದರ ಸೆಂಟಿಮೀಟರಿಗೆ ಇಪ್ಪತ್ತು ಟನ್ನು" ಎಂದಳಂತೆ ಇವಳು. ಈ ಮಾತು ನಿಜವೋ ಪ್ರಯೋಗಾಲಯದ ಹುಡುಗರು ಕಟ್ಟಿದ್ದೋ, ಅವಳೂ ಅಲ್ಲಗಳೆಯುತ್ತಿರಲಿಲ್ಲ.

ಇನ್ನು ಹತ್ತು ದಿನಕ್ಕೆ ನಿವೃತ್ತಿ. ಮುಂದೆ ಬರುವವರಿಗೆ ತೊಂದರೆ ಆಗಬಾರದೆಂದು ಶನಿವಾರ ಮಧ್ಯಾಹ್ನ ಒಬ್ಬಳೇ ಕೂತು ಚಿಕ್ಕ ಪ್ರೆಸ್ಸಿನ ಒಂದೊಂದೇ ತಂತಿಗೆ ಚೀಟಿ ಅಂಟಿಸುತ್ತಿದ್ದಳು. ಮೇಜಿನ ಮೇಲೆಲ್ಲ ಚೀಟಿ ಹರಡಿದ್ದರಿಂದ ಟೀ ಲೋಟವನ್ನು ಪ್ರೆಸ್ಸಿನ ತಲೆಯ ಮೇಲೆ ಇಟ್ಟಳು. ಇಡಬಾರದ ಜಾಗ ಅದು. ಬೇರೆ ಯಾರಾದರೂ ಇಟ್ಟಿದ್ದರೆ ಅವರ ಕಿವಿ ಹಿಂಡುತ್ತಿದ್ದಳು.

ಪ್ರೆಸ್ಸಿನೊಳಗಿನ ಬಿಸಿ ಅಳೆಯುವುದು ಕೂದಲಿನಂಥ ಎರಡು ತಂತಿಗಳ ಜೋಡಿ. ಎರಡೂ ಬೇರೆ ಬೇರೆ ಲೋಹ. ತುದಿಯಲ್ಲಿ ಸಾಸಿವೆಯಷ್ಟು ಗಾತ್ರಕ್ಕೆ ಬೆಸೆದಿರುತ್ತದೆ. ಬೆಸುಗೆಗೆ ಬಿಸಿ ತಾಗಿದರೆ ಮೀಟರಿಗೆ ಸುದ್ದಿ ಮುಟ್ಟುತ್ತದೆ. ಪ್ರೆಸ್ಸಿನ ತಲೆಯಿಂದ ಮೀಟರಿನವರೆಗಿನ ನಾಲ್ಕು ಮಾರು ದೂರಕ್ಕೆ ಅವೇ ಲೋಹಗಳ ದಪ್ಪ ತಂತಿ, ಒಂದಕ್ಕೆ ಕೆಂಪು ಹೊದಿಕೆ, ಇನ್ನೊಂದಕ್ಕೆ ಹಳದಿ. ಕೂಡಿಸುವ ತಂತಿ, ಅಂದರೆ ಪ್ಲಸ್ಸು, ಕೂಡಿಸುವುದಕ್ಕೆ ಸೇರಬೇಕು, ಕಳೆಯುವ ಮೈನಸ್ಸು ಕಳೆಯುವುದಕ್ಕೆ. ಒಂದು ತುದಿಯಲ್ಲಿ ಮಾತ್ರ ಅದಲುಬದಲಾದರೆ ಒಳಗೆ ಕಾಯಿಸಿದಾಗ ಅಂಕಿ ಇಳಿಯುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಎರಡೂ ತುದಿಯಲ್ಲಿ ಅದಲುಬದಲಾದರೆ ಒಂದು ತಪ್ಪು ಇನ್ನೊಂದರ ಬೆನ್ನು ಮುಚ್ಚುತ್ತದೆ. ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ನೋಡಿದರೆ ಗೋಡೆಯ ಥರ್ಮಾಮೀಟರಿಗೂ ಮೀಟರಿಗೂ ಕೂದಲಷ್ಟೂ ವ್ಯತ್ಯಾಸ ಇರುವುದಿಲ್ಲ. ಪ್ರೆಸ್ಸಿನ ತಲೆ ಬೆಚ್ಚಗಾಗುತ್ತ ಹೋದ ಹಾಗೆ ಮೀಟರು ಕಡಿಮೆ ಹೇಳತೊಡಗುತ್ತದೆ, ಅದೂ ತಲೆ ಕೋಣೆಗಿಂತ ಎಷ್ಟು ಬಿಸಿಯೋ ಅದರ ಎರಡರಷ್ಟು ಕಡಿಮೆ.

ಡ್ರಾಯರಿನಲ್ಲಿ ಹಳೆಯ ಅಲಮಾರಿಯ ಬಾಗಿಲಿನಿಂದ ಕಿತ್ತ ಆಯಸ್ಕಾಂತ ಇತ್ತು. ಜೋಡಿಯಲ್ಲಿ ಕಳೆಯುವ ತಂತಿ ಮಾತ್ರ ಅದಕ್ಕೆ ಅಂಟುತ್ತದೆ. ಬಣ್ಣ ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ ಎಂದು ಅವಳು ಎಷ್ಟು ಜನಕ್ಕೆ ಉಪದೇಶ ಮಾಡಿದ್ದಳೋ ಲೆಕ್ಕವಿಲ್ಲ. ಸ್ಕ್ರೂ ಬಿಚ್ಚಿ, ಕೆಂಪು ತಂತಿಯ ಬರಿಯ ತುದಿಗೆ ಆಯಸ್ಕಾಂತ ಹಿಡಿದಳು. ತಂತಿ ಟಕ್ಕನೆ ಹೋಗಿ ಅಂಟಿಕೊಂಡಿತು.

ಒಂದು ದೇಶದಲ್ಲಿ ಕೆಂಪು ಅಂದರೆ ಕೂಡಿಸು, ಇನ್ನೊಂದು ದೇಶದಲ್ಲಿ ಕೆಂಪು ಅಂದರೆ ಕಳೆ. ಜಗತ್ತಿನ ದೊಡ್ಡ ದೊಡ್ಡ ತಲೆಗಳು ಕೂತು ಇದೊಂದನ್ನು ತೀರ್ಮಾನ ಮಾಡಲಾರದೆ ಹೋಗಿದ್ದವು. ಇಷ್ಟು ವರ್ಷ ಬರುತ್ತಿದ್ದ ತಂತಿಯಲ್ಲಿ ಕೆಂಪು ಕೂಡಿಸುವುದಾಗಿತ್ತು. ಐದೂವರೆ ವರ್ಷದ ಹಿಂದೆ ಇಲಿ ಕಡಿದು ಹಳೆಯ ತಂತಿ ಹಾಳಾದಾಗ ಬೇರೆ ಕಡೆಯಿಂದ ಹೊಸದನ್ನು ತರಿಸಿದ್ದರು. ಅದನ್ನು ಕಟ್ಟಿದ ದಿನ ಅವಳಿಗೆ ನಿನ್ನೆ ಮೊನ್ನೆಯಷ್ಟು ಸ್ಪಷ್ಟವಾಗಿ ನೆನಪಿತ್ತು, ಏಕೆಂದರೆ ಅದು ಅವಳ ಮಗಳ ಮೊದಲ ಪ್ರಯೋಗದ ದಿನ. ಮಗಳು ಸ್ಯಾಂಪಲನ್ನು ಅಂಗೈಯಲ್ಲಿ ಹಿಡಿದು ಪಕ್ಕದಲ್ಲೇ ಕುಣಿಯುತ್ತಿದ್ದಳು. "ಬೇಗ ಅಕ್ಕಾ, ಬೇಗ." ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುವಂತೆ ಮಗಳೂ ಅವಳನ್ನು ಅಕ್ಕ ಎಂದೇ ಕರೆದು ಕೀಟಲೆ ಮಾಡುತ್ತಿದ್ದಳು. ಪರರ ಮಕ್ಕಳ ಕೆಲಸಕ್ಕೆ ಎರಡೆರಡು ಸಲ ಆಯಸ್ಕಾಂತ ಹಿಡಿಯುತ್ತಿದ್ದ ಪ್ರೆಸ್ಸಕ್ಕ ಆ ದಿನ ಡ್ರಾಯರನ್ನೇ ತೆರೆಯಲಿಲ್ಲ. ಈ ತುದಿಯಲ್ಲೂ ಕೆಂಪು ಗುರುತಿಗೆ ಕೆಂಪು, ಆ ತುದಿಯಲ್ಲೂ ಕೆಂಪು ಗುರುತಿಗೆ ಕೆಂಪು ಸೇರಿಸಿ ಸ್ಕ್ರೂ ಬಿಗಿದು, "ಹೂಂ, ತಗೋ" ಎಂದಿದ್ದಳು. ಸಂತೋಷಕ್ಕೆ ಕಣ್ಣೇ ಕಾಣುತ್ತಿರಲಿಲ್ಲ.

ಸಂತೋಷ ಯಾಕಾಗಬಾರದು? ಗಂಡ ಆ ಸಂಸ್ಥೆಯ ಡ್ರೈವರಾಗಿದ್ದ; ಅವನು ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಕನಿಕರಕ್ಕೆ ಕೊಟ್ಟ ಗುಡಿಸುವ ಕೆಲಸ ಹಿಡಿದು, ಪ್ರೆಸ್ಸಿನ ಕೋಣೆ ಗುಡಿಸುತ್ತ ಗುಡಿಸುತ್ತ ಪ್ರೆಸ್ಸು ಕಲಿತವಳು ಇವಳು. ಮಗಳು ಅದೇ ಕೋಣೆಯ ಮೂಲೆಯ ಮೇಜಿನಲ್ಲಿ ಮಗ್ಗಿ ಬರೆದಳು, ಬೀಜಗಣಿತ ಬರೆದಳು, ಕೊನೆಗೆ ಅದೇ ಪ್ರೆಸ್ಸಿನ ಮೇಲೆ ಡಾಕ್ಟರೇಟ್ ಮಾಡಿ ಮೇಲಿನ ಮಹಡಿಯಲ್ಲಿ ಬಾಗಿಲಿಗೆ ಹೆಸರು ಬರೆಸಿಕೊಂಡಳು. ಚಿಕ್ಕ ಪ್ರೆಸ್ಸು ಈ ಐದೂವರೆ ವರ್ಷ ಅವಳ ಕೆಲಸಕ್ಕೇ ಮೀಸಲಾಗಿತ್ತು.

ಮಗಳ ಕೆಲಸ ಲೋಹದ ಗಾಜಿನದು. ಕಿಟಕಿಯ ಗಾಜಲ್ಲ, ನೋಡಲು ಬೆಳ್ಳಿಯ ತಗಡಿನಂತೆಯೇ ಹೊಳೆಯುವ ಲೋಹ. ಮೊದಲ ಸಲ ಕೇಳಿದಾಗ ಪ್ರೆಸ್ಸಕ್ಕನೂ "ಲೋಹ ಹೆಂಗೆ ಗಾಜಾಗುತ್ತೆ, ತಲೆಹರಟೆ" ಎಂದಿದ್ದಳು. ಮಗಳು ಅಡುಗೆಮನೆಯ ಕಟ್ಟೆ ಹತ್ತಿ ಕೂತು ವಿವರಿಸಿದ್ದಳು. "ಕರಗಿದ ಲೋಹದೊಳಗೆ ಪರಮಾಣುಗಳು ಶಾಲೆ ಅಂಗಳದಲ್ಲಿ ಆಡೋ ಮಕ್ಕಳಿದ್ದ ಹಾಗಮ್ಮ. ನಿಧಾನಕ್ಕೆ ತಣಿಸಿದ್ರೆ ಗಂಟೆ ಹೊಡೆದ ಹಾಗೆ, ಎಲ್ರೂ ಸಾಲಾಗಿ ನಿಂತ್ಕೋತಾರೆ. ಅದು ಮಾಮೂಲಿ ಲೋಹ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ತಣಿಸಿಬಿಟ್ರೆ ಸಾಲು ಕಟ್ಟೋಕೆ ಪುರಸೊತ್ತೇ ಸಿಗಲ್ಲ. ಯಾರು ಎಲ್ಲಿದ್ರೋ ಅಲ್ಲೇ ಗಪ್‌ಚುಪ್. ಅದೇ ನನ್ನ ಗಾಜು."

ಆ ಗಾಜನ್ನು ಹದವಾದ ಬಿಸಿಯಲ್ಲಿ ಇಟ್ಟರೆ, ನಿಂತಲ್ಲೇ ನಿಂತ ಮಕ್ಕಳು ಚೂರುಚೂರೇ ಸರಿದು ಒತ್ತೊತ್ತಾಗಿ ಕೂರುತ್ತಾರೆ. ಗಾಜಿಗೆ ಮುಪ್ಪು ಬರುತ್ತದೆ, ಬಗ್ಗುತ್ತಿದ್ದದ್ದು ಮುರಿಯುತ್ತದೆ. ಮಗಳು ಕಂಡುಹಿಡಿದದ್ದು ಏನೆಂದರೆ, ಅದೇ ಬಿಸಿಯ ಜೊತೆಗೆ ಒತ್ತಡವನ್ನೂ ಹಾಕಿದರೆ ಮುಪ್ಪು ಬರುವುದಿಲ್ಲ, ಗಾಜು ಹೊಸದರ ಹಾಗೆ ಬಗ್ಗುತ್ತದೆ ಎಂಬುದು. ಅದಕ್ಕಾಗಿಯೇ ಅವಳ ಹೆಸರು ನಾಲ್ಕು ಕಡೆ ಓಡಾಡಿತ್ತು. ಆದರೆ ಬಿಸಿ ನಾನೂರು ಡಿಗ್ರಿಯ ಒಳಗಿರಬೇಕು. ನಾನೂರು ಆ ಗಾಜಿನ ಗಡಿ. ಒತ್ತಡ ಹಾಕಿದರೆ ಗಡಿ ಏಳೆಂಟು ಡಿಗ್ರಿ ಮೇಲೆ ಸರಿಯುತ್ತದೆ, ಅಷ್ಟೇ. ಗಡಿ ದಾಟಿತೋ, ಒಳಗೆ ಎಲ್ಲವೂ ಸಡಿಲಾಗಿ ಮಕ್ಕಳು ಮತ್ತೆ ಅಂಗಳಕ್ಕೆ ಇಳಿಯುತ್ತಾರೆ, ತಣಿಸಿದರೆ ಹೊಸದಾಗಿಯೇ ಗಾಜಾಗುತ್ತದೆ. ಅದರಲ್ಲಿ ಒತ್ತಡದ ಹೆಚ್ಚುಗಾರಿಕೆ ಏನೂ ಇಲ್ಲ, ಪಠ್ಯಪುಸ್ತಕದಲ್ಲೇ ಬರೆದಿದೆ. ಮಗಳು ಪ್ರತಿ ಸಲವೂ ಮುನ್ನೂರ ತೊಂಬತ್ತಕ್ಕೆ ನಿಲ್ಲಿಸಿದ್ದಳು. ಮೀಟರು ಮುನ್ನೂರ ತೊಂಬತ್ತು ಎಂದಿತ್ತು.

ಪ್ರೆಸ್ಸಕ್ಕ ರಿಜಿಸ್ಟರು ತೆರೆದಳು. ಒಂದೊಂದು ಪ್ರಯೋಗದ ಎದುರೂ ಅವಳದೇ ಕೈಬರಹ: ಪ್ರೆಸ್ಸಿನ ತಲೆಯ ಬಿಸಿ ನಲವತ್ತು, ಕೋಣೆ ಇಪ್ಪತ್ತೈದು. ಹದಿನೈದರ ವ್ಯತ್ಯಾಸ, ಎರಡರಷ್ಟು ಅಂದರೆ ಮೂವತ್ತು. ಹತ್ತು ನಿಮಿಷ ಪೆನ್ಸಿಲು ಹಿಡಿದು, ಬರೆದು, ಹೊಡೆದು, ಮತ್ತೆ ಬರೆದು ನೋಡಿದಳು. ಎತ್ತ ತಿರುಗಿಸಿದರೂ ಉತ್ತರ ಅದೇ. ಒಳಗೆ ಇದ್ದದ್ದು ನಾನೂರ ಇಪ್ಪತ್ತು.

ಬುಧವಾರ ಮಗಳ ಕೆಲಸ ಕಾಯಂ ಮಾಡುವ ಸಮಿತಿ ಕೂರುವುದಿತ್ತು. ನಾಲ್ಕು ವರ್ಷದಿಂದ ಹಂಗಾಮಿಯಾಗಿದ್ದ ಕೆಲಸ. ಸಮಿತಿಯ ಮುಂದಿಡಲು ಮಗಳ ಹತ್ತಿರ ಇದ್ದ ದೊಡ್ಡ ಮಾತು ಇದೊಂದೇ.

ಕೆಂಪು, ಹಳದಿ ಎರಡನ್ನೂ ಬಿಚ್ಚಿ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅವಳು ಮನೆಗೆ ಬಂದಾಗ ಮಗಳು ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಬುಧವಾರದ ಭಾಷಣ ತಿದ್ದುತ್ತಿದ್ದಳು.

"ಏನಮ್ಮ, ಮುಖ ಹಿಂಗಿದೆ? ಇನ್ನೂ ಹತ್ತು ದಿನ ಇದೆ, ಈಗಿಂದಲೇ ಅಳೋಕೆ ಶುರು ಮಾಡಿದ್ಯಾ?"

ಪ್ರೆಸ್ಸಕ್ಕ ಸುರುಳಿಯನ್ನು ಕಾಗದಗಳ ಮೇಲೆ ಇಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೊಸ್ತಿಲಲ್ಲೇ ಉದುರಿಹೋಗಿತ್ತು. "ಕೆಂಪು ತಂತಿ ಆಯಸ್ಕಾಂತಕ್ಕೆ ಅಂಟುತ್ತೆ ಪುಟ್ಟಿ" ಎಂದಳು.

"ಕೆಂಪು ಯಾಕೆ ಅಂಟುತ್ತೆ, ಅಂಟೋದು ಕಳೆಯೋ..." ಎಂದು ನಗುತ್ತಲೇ ಶುರುಮಾಡಿದ ಮಗಳು ಅಲ್ಲಿಗೇ ನಿಂತಳು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ತೆಗೆಯಲು ಮರೆತಂತೆ. "ಎರಡೂ ಕಡೆನಾ?"

"ಎರಡೂ ಕಡೆ."

"ಯಾವಾಗಿಂದ?"

"ಮೊದಲನೇ ದಿನದಿಂದ ಕಣೇ."

ಮಗಳು ಪೆನ್ನು ಎಳೆದುಕೊಂಡಳು. ತಾಯಿಗೆ ಹತ್ತು ನಿಮಿಷ ಹಿಡಿದದ್ದು ಅವಳಿಗೆ ಎರಡು ಸಾಲಿನಲ್ಲಿ ಮುಗಿಯಿತು. ನಾನೂರ ಇಪ್ಪತ್ತು ಎಂದು ಬರೆದು ಅಡಿಗೆರೆ ಎಳೆದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇದು ಹೆಗ್ಗಣವೂ ಅಲ್ಲ. ಅಂಥ ಹೊತ್ತಿನಲ್ಲೂ, ಎಷ್ಟು ಚುರುಕು ನನ್ನ ಕೂಸು ಎಂಬ ಹೆಮ್ಮೆ ಪ್ರೆಸ್ಸಕ್ಕನ ಒಳಗಿನಿಂದ ಇಣುಕಿಬಿಟ್ಟಿತು. ಅದಕ್ಕಾಗಿ ತನ್ನನ್ನು ತಾನೇ ಶಪಿಸಿಕೊಂಡಳು.

"ಯಾರಿಗೆಲ್ಲ ಗೊತ್ತು?"

"ನಂಗೆ. ಈಗ ನಿಂಗೆ."

"ಹಾಗಾದ್ರೆ ತಂತಿ ಸರಿ ಮಾಡಿ ಸುಮ್ನಿದ್ಬಿಡು."

"ಸುಮ್ನೆ ಅಂದ್ರೆ?"

"ಬುಧವಾರ ಒಂದು ಕಳೀಲಿ ಅಮ್ಮ. ಅಷ್ಟೇ ನಾನು ಕೇಳ್ತಿರೋದು."

"ಬುಧವಾರ ಕಳೆದ ಮೇಲೆ?"

ಮಗಳು ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದಳು, ಅಂಚು ಸಮ ಮಾಡಿದಳು, ಮತ್ತೆ ಹರಡಿದಳು. "ನಂಗೊತ್ತಿಲ್ಲ. ಎಲ್ಲಾದಕ್ಕೂ ಈಗಲೇ ಉತ್ತರ ಕೇಳ್ಬೇಡ."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ" ಎಂದಳು ಪ್ರೆಸ್ಸಕ್ಕ. "ಆ ದೊಣ್ಣೆ ನನ್ನ ಕೈಲೇ ಇರಬೇಕಿತ್ತಾ ಪುಟ್ಟಿ."

ಸಮಾಧಾನದ ಒಂದು ಮಾತು ಬರಬಹುದೆಂದು ಅವಳು ಕಾದಳು. ಬರಲಿಲ್ಲ. "ಬೇರೆ ಯಾರಾದ್ರೂ ಕಟ್ಟಿದ್ರೆ ನಾನೇ ಒಂದ್ಸಲ ಪರೀಕ್ಷೆ ಮಾಡಿ ನೋಡ್ತಿದ್ದೆ" ಎಂದಳು ಮಗಳು, ತಂತಿಯನ್ನೇ ನೋಡುತ್ತ. "ನೀನು ಕಟ್ಟಿದ್ದು ಅಂತ ನೋಡ್ಲೇ ಇಲ್ಲ."

ಆ ಸಂಜೆ ಬಡಿಸಿದ ತಟ್ಟೆಗಳು ಹಾಗೇ ಆರಿದವು. ಬೈದಿದ್ದರೆ, ಕೂಗಾಡಿದ್ದರೆ ಪ್ರೆಸ್ಸಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ನಂಬಿ ಕೆಟ್ಟೆ ಎಂದು ಹೆತ್ತ ಮಗಳ ಬಾಯಿಂದ ಕೇಳಿದ ಮೇಲೆ ಇನ್ನು ಕೇಳುವುದಕ್ಕೆ ಏನು ಉಳಿಯಿತು?

ಭಾನುವಾರ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು; ಆದರೆ ದನಿಯಲ್ಲಿ ಏನೋ ಒಂದು ಜೀವ ಬಂದಿತ್ತು. "ಏಳು ಅಮ್ಮ. ತಂತಿ ಸರಿಯಾಗಿ ಕಟ್ಟಿ ಒಂದ್ಸಲ ಓಡಿಸೋಣ, ನಿಜವಾದ ಮುನ್ನೂರ ತೊಂಬತ್ತಲ್ಲಿ. ತಂತಿ ತಪ್ಪಿದ್ರೆ ನಾನು ಹೇಳಿದ್ದೂ ತಪ್ಪೇ ಆಗ್ಬೇಕು ಅಂತೇನಿಲ್ಲ. ತಪ್ಪು ದಾರೀಲಿ ಹೋದ್ರೂ ಸರಿಯಾದ ಮನೆಗೇ ಹೋಗಿರಬಹುದಲ್ವಾ?"

"ಹೋಗಿರಬಹುದು" ಎಂದಳು ಪ್ರೆಸ್ಸಕ್ಕ. ಅದಕ್ಕಿಂತ ಹೆಚ್ಚಿಗೆ ಈ ಜನ್ಮದಲ್ಲಿ ಅವಳಿಗೆ ಬೇಕಾದದ್ದು ಏನೂ ಇರಲಿಲ್ಲ.

"ಒಂದು ಮಾತು. ಇದನ್ನ ರಿಜಿಸ್ಟರಿಗೆ ಹತ್ತಿಸಬೇಡ. ಇದು ನಮ್ಮಿಬ್ಬರ ನಡುವೆ."

ರಜೆಯ ದಿನದ ಕಟ್ಟಡದಲ್ಲಿ ಕಾವಲಿನವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮಗಳು ಹಳೆಯ ಡಬ್ಬಿಯಿಂದ ಗಾಜಿನ ಪಟ್ಟಿ ತೆಗೆದು ಕತ್ತರಿಯಿಂದ ಆರು ತುಂಡು ಮಾಡಿದಳು. ಕಾಗದದಷ್ಟು ತೆಳು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಆರನೆಯದನ್ನು ಹಾಗೇ ಬೆರಳಿನಲ್ಲಿ ಮಡಚಿ ನೋಡಿದಳು. ಕಾಗದದ ಹಾಗೆ ಮಡಚಿಕೊಂಡಿತು, ಮುರಿಯಲಿಲ್ಲ. ಇದಿನ್ನೂ ಎಳೆಯದು. ಪ್ರೆಸ್ಸಕ್ಕ ಹುರಿದು ಒಣಗಿಸಿದ ಉಪ್ಪಿನ ನಡುವೆ ಉಳಿದ ಐದನ್ನೂ ಮಲಗಿಸಿ, ಗಟ್ಟಿಯಾಗಿ ಅದುಮಿ, ಬಿಲ್ಲೆಯನ್ನು ಗ್ರಾಫೈಟ್ ಕೊಳವೆಯೊಳಗೆ ಇಳಿಸಿದಳು. ಹೊಸ ಬೆಸುಗೆ ಹಾಕಿದಳು. ಕೆಂಪು ತಂತಿಯನ್ನು ಕಳೆಯುವ ಕಡೆಗೆ ಕಟ್ಟಿದಳು. ಕಟ್ಟುವ ಮೊದಲು ಆಯಸ್ಕಾಂತ ಹಿಡಿದಳು, ಕಟ್ಟಿದ ಮೇಲೂ ಹಿಡಿದಳು. ಆಮೇಲೆ ಮಗಳು ಕೈ ಚಾಚಿ ಆಯಸ್ಕಾಂತ ಇಸಿದುಕೊಂಡು ತಾನೂ ಹಿಡಿದು ನೋಡಿದಳು. ತಾಯಿ ಬೇರೆ ಕಡೆ ತಿರುಗಿದಳು.

ಪಂಪು ಗುರುಗುಟ್ಟಿತು, ಮುಳ್ಳು ಮೇಲೇರಿತು. ತಣ್ಣೀರು ಹರಿಯತೊಡಗಿತು, ಬಿಸಿ ಏರಿತು. ಹತ್ತೂವರೆಯ ಹೊತ್ತಿಗೆ ಮೀಟರು ಮುನ್ನೂರ ತೊಂಬತ್ತು ತೋರಿಸಿತು. ಇನ್ನು ಎರಡು ಗಂಟೆ ಅದು ಅಲ್ಲೇ ನಿಲ್ಲಬೇಕು. ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು.

"ಬಗ್ಗಿದ್ರೆ ನಿಂಗೇನು ಕೊಡಿಸ್ಲಿ ಹೇಳು" ಎಂದಳು ಮಗಳು ಎಷ್ಟೋ ಹೊತ್ತಿನ ಮೇಲೆ.

"ಒಂದೊಳ್ಳೆ ಕನ್ನಡಕ ಕೊಡಿಸು. ಬಣ್ಣ ಸರಿಯಾಗಿ ಕಾಣಲಿ."

ಮಗಳು ನಕ್ಕುಬಿಟ್ಟಳು. ಬೆಳಿಗ್ಗೆ ತಂದಿದ್ದ ಬ್ರೆಡ್ಡನ್ನು ಹಂಚಿಕೊಂಡು ತಿಂದರು. ಕೈಯ ಪುಡಿ ಕೊಡವಿ, ಮುಖ ತೊಳೆದು ಬರುತ್ತೇನೆಂದು ಮಗಳು ಓಣಿಯ ಕೊನೆಯ ಬಚ್ಚಲಿಗೆ ಹೋದಳು.

ಪ್ರೆಸ್ಸಕ್ಕ ಒಬ್ಬಳೇ ಉಳಿದಳು. ಇಷ್ಟು ವರ್ಷದಲ್ಲಿ ಅವಳು ಆ ಯಂತ್ರದ ಹತ್ತಿರ ಇಂಥದ್ದೇ ಬರಲಿ ಎಂದು ಕೇಳಿಕೊಂಡವಳಲ್ಲ. ಬಂದದ್ದು ಬರಲಿ, ಬರೆಯುವುದಷ್ಟೇ ನನ್ನ ಕೆಲಸ ಎನ್ನುತ್ತಿದ್ದಳು. ಈ ದಿನ ಕೇಳಿಕೊಂಡಳು. ಕೇಳಿಕೊಳ್ಳುತ್ತಿರುವಾಗಲೇ ಅವಳ ಕಣ್ಣು ಬಿಸಿ ಏರಿಸುವ ನಾಬಿನ ಮೇಲೆ ಬಿತ್ತು. ಆ ಹಳೆಯ ಮೀಟರು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ, ತೋರಿಸುತ್ತದೆ, ಮರೆಯುತ್ತದೆ. ಮೂವತ್ತು ಡಿಗ್ರಿ. ನಾಬಿನಲ್ಲಿ ಒಂದು ಬೆರಳಿನ ಅಗಲ. ಐದೇ ನಿಮಿಷ ಗಡಿ ದಾಟಿಸಿ ಮತ್ತೆ ಇಳಿಸಿದರೆ ಸಾಕು, ಐದಕ್ಕೆ ಐದೂ ಪಟ್ಟಿ ಬಗ್ಗುತ್ತವೆ. ಮಗಳು ಮತ್ತೊಮ್ಮೆ ಹಾಗೆ ನಗುತ್ತಾಳೆ. ಬುಧವಾರ ತಲೆಯೆತ್ತಿ ನಿಲ್ಲುತ್ತಾಳೆ, ಸುಳ್ಳು ಹೇಳಿದ ಪಾಪವೂ ಅವಳಿಗೆ ತಟ್ಟುವುದಿಲ್ಲ, ಏಕೆಂದರೆ ಅವಳಿಗೆ ಗೊತ್ತೇ ಇರುವುದಿಲ್ಲ. ಪಾಪ ಏನಿದ್ದರೂ ತನಗಿರಲಿ. ಇಷ್ಟು ಮಾಡಿದವಳಿಗೆ ಇನ್ನೊಂದು ಭಾರವೇ?

ಅವಳ ಕೈ ನಾಬಿನ ಮೇಲೆ ಇತ್ತು. ಯಾವಾಗ ಹೋಗಿ ಕೂತಿತೋ ಅವಳಿಗೇ ತಿಳಿಯದು.

"ಅಮ್ಮ."

ಮಗಳು ಬಾಗಿಲಲ್ಲಿ ನಿಂತಿದ್ದಳು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಮೊದಲು ಮೀಟರನ್ನು ನೋಡಿದಳು, ಮುನ್ನೂರ ತೊಂಬತ್ತು. ಆಮೇಲೆ ತಾಯಿಯ ಕೈಯನ್ನು ನೋಡಿದಳು. ಇನ್ನೊಬ್ಬರ ಪ್ರಯೋಗದ ನಾಬಿಗೆ ಬೆರಳು ತಾಗಿಸಿದರೆಂದು ದೊಡ್ಡ ಪ್ರೊಫೆಸರರನ್ನೇ ಕೋಣೆಯಿಂದ ಆಚೆ ಕಳಿಸಿದ್ದ ಕೈ ಅದು. ಆ ಕಥೆ ಹೇಳಿ ಹೇಳಿಯೇ ಮಗಳನ್ನು ಬೆಳೆಸಿದ್ದಳು.

"ಬಿಡಮ್ಮ" ಎಂದಳು ಮಗಳು. ಗದರಿಸಿದ ದನಿಯಲ್ಲ. ಎಳೆಯ ಮಗು ಬಿಸಿ ಪಾತ್ರೆಗೆ ಕೈ ಚಾಚಿದಾಗ ದೊಡ್ಡವರು ಹೇಳುವ ದನಿ. ಬಂದು ತಾಯಿಯ ಬೆರಳುಗಳನ್ನು ಒಂದೊಂದಾಗಿ ನಾಬಿನಿಂದ ಬಿಡಿಸಿದಳು. ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು. ಉಳಿದ ಒಂದು ಗಂಟೆ ಇಬ್ಬರೂ ಮೀಟರಿನ ಕಡೆಗೇ ಮುಖ ಮಾಡಿ ಕೂತಿದ್ದರು. ಪ್ರೆಸ್ಸಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಅದಕ್ಕಿಂತ ಕೆಳಗೆ, ಇನ್ನೂ ಆಳದಲ್ಲಿ, ಬಗ್ಗಲಿ, ಬಗ್ಗಲಿ ಎಂಬ ಒಂದೇ ಮಾತು ಮಿಡಿಯುತ್ತಿತ್ತು.

ಬಿಸಿ ಆರಿಸಿ, ಭಾರ ಇಳಿಸಿ, ಬಿಲ್ಲೆ ಹೊರತೆಗೆಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಉಪ್ಪಿನ ಗಟ್ಟಿಯನ್ನು ನೀರಿನ ಬಟ್ಟಲಿಗೆ ಹಾಕಿದರು. ಉಪ್ಪು ಕರಗುತ್ತ ಹೋದಂತೆ ಪಟ್ಟಿಗಳು ಒಂದೊಂದಾಗಿ ತಳಕ್ಕೆ ಬಿದ್ದವು. ಹೊಳಪು ಚೂರೂ ಮಾಸಿರಲಿಲ್ಲ. ನೋಡಿದರೆ ಏನೂ ಗೊತ್ತಾಗದು, ಬಗ್ಗಿಸಿಯೇ ನೋಡಬೇಕು.

ಮಗಳು ಮೊದಲನೆಯದನ್ನು ಒರೆಸಿ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದಳು. ಬೆರಳುಗಳನ್ನು ಹತ್ತಿರ ತಂದಳು. ಪಟ್ಟಿ ಬಿಲ್ಲಿನಂತೆ ಬಾಗಿತು. ಇನ್ನೂ ಸ್ವಲ್ಪ ಬಾಗಿತು.

ಚಿಟ್ ಎಂದಿತು. ಎರಡು ತುಂಡು ಮೇಜಿನ ಮೇಲೆ ಬಿದ್ದವು.

"ಒಂದರಲ್ಲಿ ಏನಾದ್ರೂ ದೋಷ ಇದ್ದಿರಬಹುದು" ಎಂದಳು ಪ್ರೆಸ್ಸಕ್ಕ.

ಎರಡನೆಯದೂ ಮುರಿಯಿತು. ಮೂರನೆಯದು ಬಾಗುವ ಮೊದಲೇ ಮುರಿಯಿತು. ನಾಲ್ಕನೆಯದನ್ನು ಮಗಳು ಬಹಳ ಮೆಲ್ಲಗೆ, ಗಾಯದ ಪಟ್ಟಿ ಬಿಚ್ಚುವ ಹಾಗೆ ಬಗ್ಗಿಸಿದಳು. ಅದು ಮೂರು ಚೂರಾಯಿತು. ಐದನೆಯದನ್ನು ಹಿಡಿದು ಒಮ್ಮೆಲೇ ಮುಷ್ಟಿ ಹಿಸುಕಿದಂತೆ ಹಿಸುಕಿಬಿಟ್ಟಳು. ಚಿಟ್ ಎಂದದ್ದರ ಹಿಂದೆಯೇ "ಸ್ಸ್" ಎಂದು ಕೈ ಕೊಡವಿದಳು. ತೋರುಬೆರಳಿನ ತುದಿಯಲ್ಲಿ ಒಂದು ಹನಿ ರಕ್ತ ಮೂಡಿತು.

"ಕೊಡು ಇಲ್ಲಿ."

"ಏನಿಲ್ಲಮ್ಮ."

"ಕೊಡೇ ಅಂದ್ರೆ."

ಮೂವತ್ತೆರಡು ವರ್ಷದ ಮಗಳು ಕೈ ಚಾಚಿದಳು. ಪ್ರೆಸ್ಸಕ್ಕ ಮೇಜಿನ ದೀಪ ಹತ್ತಿರ ಎಳೆದು, ಚಿಮಟ ತೆಗೆದುಕೊಂಡು, ಬೆರಳನ್ನು ಬೆಳಕಿಗೆ ತಿರುಗಿಸಿದಳು. ಚರ್ಮದ ಕೆಳಗೆ ಸಿಬಿರು ತೆಳ್ಳಗೆ ಹೊಳೆಯುತ್ತಿತ್ತು. ಹಿಡಿಯಲು ಹೋದರೆ ಕಣ್ಣು ಮಂಜಾಗುತ್ತಿತ್ತು. ಭುಜಕ್ಕೆ ಕಣ್ಣು ಒರೆಸಿಕೊಂಡು ಮತ್ತೆ ಹೋದಳು, ಮತ್ತೆ ಮಂಜಾಯಿತು. ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅಲ್ಲಾಡಬೇಡ ಪುಟ್ಟಿ. ಆಯ್ತು, ಆಯ್ತು. ಅಲ್ಲಾಡಬೇಡ." ತಾನೂ ಅಳುತ್ತಿದ್ದಳು. "ನನ್ನಿಂದ ಹಾಳಾಗೋಯ್ತು ಕಣೇ ಎಲ್ಲ."

ಮಗಳು ಅಳು ತಗ್ಗುವವರೆಗೆ ಕಾದು, ಎಡಗೈಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಅದೇ ಎಡಗೈಯಿಂದ ಮೇಜಿನ ಮೇಲಿನ ತುಂಡುಗಳನ್ನು ಒಂದೊಂದಾಗಿ ಆರಿಸಿ ಗುಡ್ಡೆ ಮಾಡಿದಳು. ಪಕ್ಕದ ಡಬ್ಬಿಯಿಂದ ಸ್ಯಾಂಪಲ್ ಹಾಕುವ ಕಾಗದದ ಪೊಟ್ಟಣವೊಂದನ್ನು ಎಳೆದಳು. ಒಡೆದದ್ದಾಗಲಿ ಉಳಿದದ್ದಾಗಲಿ, ಒಂದು ಚೂರೂ ಕಳೆಯಬಾರದು ಎಂಬುದು ಆ ಕೋಣೆಯ ನಿಯಮ.

"ಹಿಂದಿನ ಪ್ರಯೋಗದ ನಂಬರು ನೂರ ನಲವತ್ತಾರು ಅಲ್ವಾ?" ಎಂದಳು.

"ಹೌದು."

"ಹಾಗಾದ್ರೆ ಇದು ನೂರ ನಲವತ್ತೇಳು. ರಿಜಿಸ್ಟರಿಗೂ ಹತ್ತಿಸು."

ಪ್ರೆಸ್ಸಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. ಮಗಳು ಪೊಟ್ಟಣದ ಮೇಲೆ ಎಡಗೈಯಲ್ಲಿ, ಒಂದನೇ ತರಗತಿಯ ಮಕ್ಕಳ ಹಾಗೆ ಸೊಟ್ಟಸೊಟ್ಟಗೆ ನಂಬರು ಬರೆಯುತ್ತಿದ್ದಳು. ಬರೆದು ಮುಗಿಸಿ ತುಂಡುಗಳನ್ನು ಒಳಗೆ ತಳ್ಳಿದಳು.

ಆ ಹೊತ್ತಿಗೆ ಚಿಮಟಕ್ಕೆ ಸಿಬಿರು ಸಿಕ್ಕಿತು. ಪ್ರೆಸ್ಸಕ್ಕ ಮೆಲ್ಲಗೆ ಎಳೆದಳು. ಕೂದಲೆಳೆಯಷ್ಟು ಲೋಹ, ತುದಿಯಲ್ಲಿ ಕೆಂಪಾಗಿತ್ತು. ಕಸದ ಡಬ್ಬಿಯ ಕಡೆ ಕೈ ತಿರುಗಿಸಿದಳು.

"ಅದೂ ಅಮ್ಮ" ಎಂದಳು ಮಗಳು, ಎಡಗೈಯಿಂದ ಪೊಟ್ಟಣದ ಬಾಯಿ ಅಗಲಿಸಿ ಹಿಡಿದು.

ಪ್ರೆಸ್ಸಕ್ಕ ಅದನ್ನು ಒಳಗೆ ಉದುರಿಸಿ ಚಿಮಟ ಕೆಳಗಿಟ್ಟಳು. ಬೆರಳನ್ನು ಬಿಡಲಿಲ್ಲ.